ವೃತ್ತ ಬರಬೇಕಾದಲ್ಲಿ ಸುರುಳಿ ಬಂದಾಗ

ಬೆಂಗಳೂರಿನಲ್ಲಿ ಎಂ.ಎಸ್ಸಿ. ಗಣಿತದ ವಿದ್ಯಾರ್ಥಿಗಳಿಗೆ ಸಂಖ್ಯಾತ್ಮಕ ವಿಧಾನಗಳನ್ನು, ಅಂದರೆ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಅಂದಾಜಾಗಿ ಬಿಡಿಸುವ ಬಗೆಗಳನ್ನು, ಕಲಿಸುವ ನಾನು, ಚಲನಶೀಲ ವ್ಯವಸ್ಥೆಗಳ ಮೊದಲ ಪ್ರಯೋಗಕ್ಕೆ ಪ್ರತಿ ವರ್ಷವೂ ಸ್ಪ್ರಿಂಗಿಗೆ ತೂಗುಬಿಟ್ಟ ತೂಕದ ಸಮೀಕರಣವನ್ನೇ ಕೊಡುತ್ತೇನೆ. ಪಿಯುಸಿಯಲ್ಲೇ ಓದಿದ ಸರಳ ಸಂಗತ ಚಲನೆಯಾದ್ದರಿಂದ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ: ಸೂಕ್ತ ಮಾನಗಳಲ್ಲಿ ಸ್ಥಾನವನ್ನು ಒಂದು ಅಕ್ಷದ ಮೇಲೂ ವೇಗವನ್ನು ಇನ್ನೊಂದರ ಮೇಲೂ ಗುರುತಿಸಿದರೆ ವೃತ್ತ ಮೂಡಬೇಕು. ಒಮ್ಮೆ ಒಬ್ಬ ವಿದ್ಯಾರ್ಥಿನಿಯ ಪರದೆಯ ಮೇಲೆ, ಸುತ್ತು ಸುತ್ತಿಗೂ ಹಿಗ್ಗುತ್ತ ಹೋಗುವ ಸುರುಳಿ ಮೂಡಿತ್ತು. "ಸರ್, ಪ್ರೋಗ್ರಾಮ್ ಮೂರು ಸಲ ನೋಡಿದೆ, ಎಲ್ಲೂ ತಪ್ಪು ಸಿಗ್ತಾ ಇಲ್ಲ" ಎಂದಳು. ಪ್ರೋಗ್ರಾಮಿನಲ್ಲಿ ನಿಜಕ್ಕೂ ತಪ್ಪಿರಲಿಲ್ಲ.

ಕಂಪ್ಯೂಟರನ್ನು ಬದಿಗಿಟ್ಟು ಹಾಳೆಯ ಮೇಲೆ ಲೆಕ್ಕ ಮಾಡಲು ಕೂತೆವು. ಅವಳು ಬಳಸಿದ್ದು ಗಣಿತಜ್ಞ ಆಯ್ಲರ್ 1768ರಲ್ಲಿ ಪ್ರಕಟಿಸಿದ ವಿಧಾನ. ಅದರ ಪ್ರಕಾರ, ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಪ್ರತಿ ಹೆಜ್ಜೆಯ ಆರಂಭದಲ್ಲಿರುವ ವೇಗ ಮತ್ತು ವೇಗೋತ್ಕರ್ಷಗಳು ಆ ಹೆಜ್ಜೆ ಮುಗಿಯುವವರೆಗೂ ಹಾಗೆಯೇ ಇರುತ್ತವೆ ಎಂದು ಇಟ್ಟುಕೊಳ್ಳಬೇಕು. ನಮ್ಮ ಮಾನಗಳಲ್ಲಿ ವೇಗೋತ್ಕರ್ಷವೆಂದರೆ ಮೈನಸ್ ಸ್ಥಾನ; ಸ್ಥಾನ 1, ವೇಗ 0, ಹೆಜ್ಜೆಯ ಅಳತೆ 0.1 ಎಂದು ಹೊರಟರೆ, ಒಂದು ಹೆಜ್ಜೆಯ ನಂತರ ಸ್ಥಾನ 1ರಲ್ಲೇ ಉಳಿದು ವೇಗ ಮಾತ್ರ ಮೈನಸ್ 0.1 ಆಗುತ್ತದೆ. ಎರಡರ ವರ್ಗಗಳನ್ನು ಕೂಡಿದರೆ ಸಿಗುವುದು 1.01. ಈ ಮೊತ್ತವು ಶಕ್ತಿಯ ಎರಡರಷ್ಟು, ಅದು ಬದಲಾಗಲೇಬಾರದಿತ್ತು. ಪ್ರತಿ ಹೆಜ್ಜೆಯೂ ಅದನ್ನು 1.01ರಿಂದ ಗುಣಿಸುತ್ತ ಹೋಗುವುದರಿಂದ, ನೂರು ಹೆಜ್ಜೆಗಳಲ್ಲಿ, ಅಂದರೆ ತೂಕವು ಎರಡು ಆಂದೋಲನಗಳನ್ನೂ ಪೂರೈಸುವ ಮೊದಲೇ, ಶಕ್ತಿ ಸುಮಾರು 2.7 ಪಟ್ಟಾಗಿರುತ್ತದೆ. ವೃತ್ತದ ಮೇಲಿನ ಬಿಂದುವಿನಿಂದ ಸ್ಪರ್ಶರೇಖೆಯ ಗುಂಟ ಹೊರಟವರು, ಹೆಜ್ಜೆ ಎಷ್ಟೇ ಚಿಕ್ಕದಾಗಿರಲಿ, ವೃತ್ತದ ಹೊರಗೇ ಕಾಲೂರುತ್ತಾರೆ. ಹೆಜ್ಜೆಯನ್ನು ಕಿರಿದು ಮಾಡಿದರೆ ಸುರುಳಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ನಿಲ್ಲುವುದಿಲ್ಲ.

ಆಮೇಲೆ ಒಂದೇ ಸಾಲನ್ನು ಬದಲಿಸಲು ಹೇಳಿದೆ: ಮೊದಲು ಹೊಸ ವೇಗವನ್ನು ಲೆಕ್ಕ ಮಾಡಿ, ಸ್ಥಾನವನ್ನು ಮುಂದೊಯ್ಯಲು ಹಳೆಯ ವೇಗದ ಬದಲು ಅದನ್ನೇ ಬಳಸುವುದು. ಸ್ಥಾನ 0.99 ಆಯಿತು, ವೇಗ ಮೈನಸ್ 0.1. ವರ್ಗಗಳ ಮೊತ್ತ ಈಗಲೂ ಸರಿಯಾಗಿ 1 ಅಲ್ಲ, 0.9901. ಆದರೆ ಆ ಮೊತ್ತದಿಂದ ಸ್ಥಾನ, ವೇಗ ಮತ್ತು ಹೆಜ್ಜೆಯ ಅಳತೆಗಳ ಗುಣಲಬ್ಧವನ್ನು ಕಳೆದು ನೋಡಿ: 0.9901ಕ್ಕೆ 0.0099 ಸೇರಿ ಸರಿಯಾಗಿ 1 ಬರುತ್ತದೆ, ಮತ್ತು ಎಷ್ಟು ಹೆಜ್ಜೆ ಇಟ್ಟರೂ ಅದೇ ಬರುತ್ತದೆ. ಹಾಗಾಗಿ ವರ್ಗಗಳ ಮೊತ್ತವು ಸುಮಾರು 0.95 ಮತ್ತು 1.05ರ ನಡುವೆ ಏರಿಳಿಯುತ್ತದೆಯೇ ಹೊರತು ಆ ಮಿತಿಯನ್ನು ದಾಟುವುದಿಲ್ಲ. ನಿಖರತೆಯ ದರ್ಜೆಯಲ್ಲಿ ಎರಡೂ ವಿಧಾನಗಳು ಒಂದೇ, ಎರಡೂ ಮೊದಲ ದರ್ಜೆಯವು, ಅಂದರೆ ಹೆಜ್ಜೆಯನ್ನು ಅರ್ಧ ಮಾಡಿದರೆ ದೋಷವೂ ಸುಮಾರು ಅರ್ಧವಾಗುತ್ತದೆ. ದೋಷದ ಪ್ರಮಾಣದ ಜೊತೆಗೆ, ಆ ದೋಷವು ಚಲನೆಯ ಯಾವ ಗುಣವನ್ನು ಕೆಡಿಸುತ್ತದೆ ಎಂಬುದನ್ನೂ ವಿದ್ಯಾರ್ಥಿಗಳು ಮೊದಲ ವಾರದಲ್ಲೇ ಕೇಳಿಕೊಳ್ಳಬೇಕೆಂಬುದು ನನ್ನ ಹಟ.

"ರುಂಗೆ-ಕುಟ್ಟಾ ಹಾಕಿದರೆ ಆಯಿತಲ್ಲ ಸರ್" ಎಂಬ ಮಾತು ಪ್ರತಿ ವರ್ಷ ಬರುತ್ತದೆ. ಪ್ರತಿ ಹೆಜ್ಜೆಯಲ್ಲೂ ಬದಲಾವಣೆಯ ದರವನ್ನು ನಾಲ್ಕು ಸಲ ಅಂದಾಜಿಸಿ ಸರಾಸರಿ ತೆಗೆಯುವ, ನಾಲ್ಕನೇ ದರ್ಜೆಯ ಆ ವಿಧಾನ ಬಹಳ ಒಳ್ಳೆಯದು; ನೂರು ಹೆಜ್ಜೆಗಳಲ್ಲಿ ಕಣ್ಣಿಗೆ ದೋಷವೇ ಕಾಣದು. ಆದರೂ ಇದೇ 0.1ರ ಹೆಜ್ಜೆಯಲ್ಲಿ ಅದು ಶಕ್ತಿಯನ್ನು ತುಸುತುಸುವೇ ಸೋರಿಸುತ್ತ, ಒಂದು ಕೋಟಿ ಹೆಜ್ಜೆಗಳ ಹೊತ್ತಿಗೆ ಸುಮಾರು ಶೇಕಡಾ 13ರಷ್ಟನ್ನು ಕಳೆದಿರುತ್ತದೆ. ಗ್ರಹಗಳ ಪಥವನ್ನೋ ಅಣುಗಳ ಚಲನೆಯನ್ನೋ ದೀರ್ಘಕಾಲ ಲೆಕ್ಕ ಹಾಕುವವರಿಗೆ ಇದು ಸಣ್ಣ ಮಾತಲ್ಲ; ಅಣುಗಳ ಲೆಕ್ಕಾಚಾರದಲ್ಲಿ ಭೌತವಿಜ್ಞಾನಿ ವೆರ್ಲೆ 1967ರಲ್ಲಿ ಬಳಸಿದ, ಶಕ್ತಿಯನ್ನು ಹೀಗೆ ಸೋರಿಸದ ಸರಳ ವಿಧಾನ ಇಂದಿಗೂ ಬಳಕೆಯಲ್ಲಿರುವುದಕ್ಕೆ ಇದೂ ಒಂದು ಕಾರಣ. ಪೈಥಾನ್ ಭಾಷೆಯ ವೈಜ್ಞಾನಿಕ ಲೆಕ್ಕಾಚಾರದ ಸಂಗ್ರಹವಾದ ಸೈಪೈಯಲ್ಲಿ ಇಂಥ ಸಮೀಕರಣಗಳಿಗೆಂದು ಸಿದ್ಧವಾಗಿ ಸಿಗುವ solve_ivp ಎಂಬ ಸಾಧನವೂ, ನಾವು ಬೇರೇನೂ ಹೇಳದಿದ್ದರೆ, ಸಾವಿರದಲ್ಲಿ ಒಂದರಷ್ಟು ಸಾಪೇಕ್ಷ ದೋಷಕ್ಕೇ ತೃಪ್ತಿಪಟ್ಟುಕೊಳ್ಳುತ್ತದೆ.

ಆರಂಭದ ಅತಿ ಸಣ್ಣ ವ್ಯತ್ಯಾಸವೂ ಬೇಗನೆ ದೊಡ್ಡದಾಗುವ, ಹವಾಮಾನ ವಿಜ್ಞಾನಿ ಲೊರೆನ್ಜ್ ಅವರ ಸಮೀಕರಣಗಳಿಗೆ ಬಂದಾಗ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. 1961ರಲ್ಲಿ ಹವಾಮಾನದ ಒಂದು ಮಾದರಿಯ ಲೆಕ್ಕವನ್ನು ನಡುವಿನಿಂದ ಮತ್ತೆ ಆರಂಭಿಸುವಾಗ, ಲೊರೆನ್ಜ್ 0.506127 ಎಂಬುದರ ಬದಲು ಮುದ್ರಿತ ಹಾಳೆಯಲ್ಲಿದ್ದ 0.506 ಅನ್ನೇ ಕೊಟ್ಟರು. ಎರಡು ಲೆಕ್ಕಗಳೂ ಸ್ವಲ್ಪ ದೂರ ಜೊತೆಯಾಗಿ ಸಾಗಿ, ಮುಂದೆ ಸಂಬಂಧವೇ ಇಲ್ಲದಂತೆ ಬೇರೆಯಾದವು. 1963ರಲ್ಲಿ ಅವರು ಪ್ರಕಟಿಸಿದ ಮೂರು ಸಮೀಕರಣಗಳನ್ನು ನಮ್ಮ ಪ್ರಯೋಗಾಲಯದಲ್ಲಿ ಒಂದು ಹೆಜ್ಜೆಯಲ್ಲಿ ಒಮ್ಮೆ, ಅದರ ಅರ್ಧದಲ್ಲಿ ಇನ್ನೊಮ್ಮೆ ಬಿಡಿಸಲು ಹೇಳುತ್ತೇನೆ. ಎರಡು ಉತ್ತರಗಳೂ ಬೇಗನೆ ಬೇರೆಯಾಗುತ್ತವೆ, ಮತ್ತು ಯಾವುದು ಸರಿ ಎಂದು ಕೇಳಿಕೊಂಡು ವಿದ್ಯಾರ್ಥಿಗಳು ನನ್ನ ಮೇಜಿನ ಬಳಿ ಬರುತ್ತಾರೆ. ಬೇರೆಯಾದ ಮೇಲೆ, ಆ ಆರಂಭಬಿಂದುವಿನ ನಿಜವಾದ ಪಥವೆಂದು ಎರಡನ್ನೂ ನಂಬುವಂತಿಲ್ಲ. ಆದರೆ ಎರಡು ಚಿತ್ರಗಳನ್ನೂ ಮುದ್ರಿಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಲು ಹೇಳುತ್ತೇನೆ. ಎರಡರಲ್ಲೂ ಚಿಟ್ಟೆಯದರಂಥ ಅದೇ ಎರಡು ರೆಕ್ಕೆಗಳಿರುತ್ತವೆ.