ಪದ ಪರಿಚಯ: ಓಲ್ಡ್ ಮನಿ

ಇನ್‌ಸ್ಟಾಗ್ರಾಮ್‌ನಲ್ಲಿ ‘ಓಲ್ಡ್ ಮನಿ’ ಅಂತ ಹುಡುಕಿದರೆ ಬರುವುದು ಬರೀ ಬಟ್ಟೆ. ತಿಳಿ ಬಣ್ಣದ ಲಿನನ್ ಶರ್ಟು, ಹೆಗಲ ಮೇಲೆ ಇಳಿಬಿಟ್ಟ ಸ್ವೆಟರು, ಕಂಪನಿ ಹೆಸರು ಎಲ್ಲೂ ಕಾಣದ ಬ್ಯಾಗು. ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಈ ಮಾತಿನ ಬೇರು ಬಟ್ಟೆಗಿಂತ ಬಹಳ ಆಳದಲ್ಲಿದೆ. ಅದು ನನಗೆ ಸರಿಯಾಗಿ ಅರ್ಥವಾಗಿದ್ದು ನಿಘಂಟಿನಿಂದಲ್ಲ, 1925ರಲ್ಲಿ ಬಂದ ಎಫ್. ಸ್ಕಾಟ್ ಫಿಟ್ಜೆರಾಲ್ಡ್ ಅವರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯಿಂದ.

ಮೊದಲು ಪದದ ಅರ್ಥ ನೋಡೋಣ. ತಲೆಮಾರುಗಳಿಂದ ಮನೆಯಲ್ಲೇ ಇರುವ ದುಡ್ಡು ಓಲ್ಡ್ ಮನಿ. ಅಂಥ ಮನೆಯ ಜನರಿಗೂ ಅದೇ ಹೆಸರು. ಸಂಪಾದಿಸಿದವನು ಅಜ್ಜನೋ ಮುತ್ತಜ್ಜನೋ. ಈಗಿನವರು ಅದರೊಳಗೇ ಕಣ್ಣು ಬಿಟ್ಟವರು. ನಾವು ‘ಆಗರ್ಭ ಶ್ರೀಮಂತ’ ಅನ್ನುತ್ತೇವಲ್ಲ, ಅದು ಇದಕ್ಕೆ ತೀರಾ ಹತ್ತಿರದ ಮಾತು. ತಾಯ ಹೊಟ್ಟೆಯಲ್ಲಿದ್ದಾಗಿನಿಂದಲೇ ಶ್ರೀಮಂತ. ಇದಕ್ಕೆ ಎದುರಾಗಿ ನಿಲ್ಲುವ ಪದ ನ್ಯೂ ಮನಿ: ತನ್ನ ಕಾಲದಲ್ಲೇ, ತನ್ನ ಕೈಯಿಂದಲೇ ಸಾಹುಕಾರನಾದವನು.

ಎರಡೂ ಕಡೆ ದುಡ್ಡು ಒಂದೇ ಅಲ್ವಾ? ಆದರೂ ನ್ಯೂ ಮನಿ ಅನ್ನುವಾಗ ದನಿಯಲ್ಲಿ ಒಂದು ಕೊಂಕು ಇರುತ್ತದೆ. ಆ ಕೊಂಕು ನಮಗೆ ಹೊಸದಲ್ಲ. ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ’ ಅನ್ನುವ ಗಾದೆ ಎಲ್ಲರಿಗೂ ಬಾಯಿಪಾಠ. ಹೇಳಿ ನಗುತ್ತೇವೆ. ಯಾರ ಪಕ್ಕ ನಿಂತು ನಗುತ್ತಿದ್ದೇವೆ ಅಂತ ಯೋಚಿಸುವುದಿಲ್ಲ. ಕೊಡೆ ಬಹಳ ಹಿಂದೆಯೇ ಇದ್ದವನ ಮಾತು ಅದು. ಗ್ಯಾಟ್ಸ್‌ಬಿ ಓದಿದ ಮೇಲೆ ಆ ಗಾದೆ ನನ್ನ ಬಾಯಿಗೆ ಸುಲಭವಾಗಿ ಬರುತ್ತಿಲ್ಲ.

ಅಮೆರಿಕದಲ್ಲಿ ರಾಜರಿಲ್ಲ, ಜಹಗೀರುದಾರರಿಲ್ಲ. ಹಾಗಾಗಿ ಅಲ್ಲಿ ದೊಡ್ಡ ಮನೆತನ ಅನ್ನಿಸಿಕೊಳ್ಳಲು ಇದ್ದ ಅಳತೆಗಳಲ್ಲಿ ದುಡ್ಡಿನ ವಯಸ್ಸು ದೊಡ್ಡದು. ಆ ವಯಸ್ಸಾದರೂ ಎಷ್ಟು? ಜಾನ್ ಜೇಕಬ್ ಆಸ್ಟರ್ ಜರ್ಮನಿಯಿಂದ ಬಂದ ಕಟುಕರ ಮನೆ ಹುಡುಗ. ಪ್ರಾಣಿಗಳ ತುಪ್ಪಳದ ವ್ಯಾಪಾರ ಮಾಡಿ, ನ್ಯೂಯಾರ್ಕಿನಲ್ಲಿ ಜಮೀನು ಕೊಂಡು ಶ್ರೀಮಂತರಾದರು. ಅವರ ಮೊಮ್ಮಗನ ಹೆಂಡತಿ ಕ್ಯಾರೊಲಿನ್ ಆಸ್ಟರ್ ಕಾಲಕ್ಕೆ, ಆ ಊರಿನ ಮೇಲ್ವರ್ಗದೊಳಗೆ ಯಾರು ಬರಬೇಕು, ಯಾರು ಬರಬಾರದು ಅಂತ ಹೇಳುವವರು ಅವರೇ ಆಗಿದ್ದರು. ಹಡಗು, ರೈಲಿನಲ್ಲಿ ದುಡ್ಡು ಮಾಡಿದ ವ್ಯಾಂಡರ್‌ಬಿಲ್ಟ್ ಮನೆತನ ಆಗ ಹೊಸಬರ ಸಾಲಿನಲ್ಲಿತ್ತು. 1883ರಲ್ಲಿ ಆಲ್ವಾ ವ್ಯಾಂಡರ್‌ಬಿಲ್ಟ್ ತಮ್ಮ ಹೊಸ ಬಂಗಲೆಯಲ್ಲಿ ಭಾರೀ ಔತಣ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಇವತ್ತು ಅಮೆರಿಕದ ಹಳೇ ದುಡ್ಡಿನ ಮನೆತನ ಯಾವುದು ಅಂತ ಕೇಳಿದರೆ ಜನ ವ್ಯಾಂಡರ್‌ಬಿಲ್ಟ್ ಹೆಸರನ್ನೂ ಹೇಳುತ್ತಾರೆ.

ಕಾದಂಬರಿ ನಡೆಯುವುದು 1922ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ. ನಡುವೆ ಚಿಕ್ಕದೊಂದು ಕೊಲ್ಲಿ. ಆ ದಡ ಈಸ್ಟ್ ಎಗ್, ಹಳೇ ದುಡ್ಡಿನವರದು. ಈ ದಡ ವೆಸ್ಟ್ ಎಗ್, ಹೊಸ ದುಡ್ಡಿನವರದು. ಈಸ್ಟ್ ಎಗ್‌ನಲ್ಲಿ ಟಾಮ್ ಬುಕ್ಯಾನನ್, ಅವನ ಹೆಂಡತಿ ಡೇಸಿ. ಟಾಮ್ ಪೋಲೋ ಆಡಲು ದೂರದ ಊರಿನಿಂದ ಕುದುರೆಗಳ ಹಿಂಡನ್ನೇ ತರಿಸಿಕೊಂಡವನು. ಮದುವೆಯ ಹಿಂದಿನ ದಿನ ಡೇಸಿಗೆ ಮೂರೂವರೆ ಲಕ್ಷ ಡಾಲರಿನ ಮುತ್ತಿನ ಹಾರ ಕೊಟ್ಟವನು. ಈ ದಡದ ಬಂಗಲೆಯಲ್ಲಿ ಜೇ ಗ್ಯಾಟ್ಸ್‌ಬಿ. ಹುಟ್ಟಿದಾಗಿನ ಹೆಸರು ಜೇಮ್ಸ್ ಗ್ಯಾಟ್ಜ್, ನಾರ್ತ್ ಡಕೋಟಾದ ಬಡ ರೈತರ ಮಗ. ಆಗ ಅಮೆರಿಕದಲ್ಲಿ ಪಾನನಿಷೇಧ. ಅವನ ದುಡ್ಡಿನಲ್ಲಿ ಕಳ್ಳ ಹೆಂಡದ ಪಾಲಿದೆ. ಹಿಂದೊಮ್ಮೆ ಪ್ರೀತಿಸಿ ಕಳಕೊಂಡ ಡೇಸಿ ಎಂದಾದರೂ ಬಂದಾಳು ಅಂತ ವಾರವಾರವೂ ಊರಿಗೆಲ್ಲ ಪಾರ್ಟಿ ಕೊಡುತ್ತಾನೆ. ಶುಕ್ರವಾರ ಪೆಟ್ಟಿಗೆಗಟ್ಟಲೆ ಕಿತ್ತಳೆ, ನಿಂಬೆಹಣ್ಣು ಬರುತ್ತವೆ. ಸೋಮವಾರ ಅದರ ಸಿಪ್ಪೆಯ ರಾಶಿ ಹಿತ್ತಲಿನಿಂದ ಆಚೆ ಹೋಗುತ್ತದೆ.

ಪಾರ್ಟಿಗಳ ವರ್ಣನೆ ಎಲ್ಲರಿಗೂ ಇಷ್ಟ. ಆದರೆ ಈ ಪದದ ಅರ್ಥ ಬಿಚ್ಚಿಕೊಳ್ಳುವುದು ಪುಸ್ತಕದ ನಡುವೆ ಬರುವ ಒಂದು ಸಣ್ಣ ಘಟನೆಯಲ್ಲಿ. ಒಂದು ಭಾನುವಾರ ಮಧ್ಯಾಹ್ನ ಮೂರು ಜನ ಕುದುರೆ ಮೇಲೆ ಬಂದು ಗ್ಯಾಟ್ಸ್‌ಬಿ ಮನೆಯಲ್ಲಿ ಇಳಿಯುತ್ತಾರೆ. ಟಾಮ್, ಸ್ಲೋನ್ ಅನ್ನುವವನು, ಜೊತೆಗೊಬ್ಬ ಹೆಂಗಸು. ಗ್ಯಾಟ್ಸ್‌ಬಿಗೆ ಸಡಗರ. ಕೂತ್ಕೊಳ್ಳಿ, ಸಿಗರೇಟು ತಗೊಳ್ಳಿ, ಏನು ಕುಡೀತೀರಿ ಅಂತ ಓಡಾಡುತ್ತಾನೆ. ಎರಡು ಗ್ಲಾಸ್ ಆದಮೇಲೆ ಆ ಹೆಂಗಸು, ನಮ್ಮ ಮನೆಗೆ ಊಟಕ್ಕೆ ಬನ್ನಿ ಅನ್ನುತ್ತಾಳೆ. ಕಥೆ ಹೇಳುವ ನಿಕ್‌ನನ್ನೂ ಕರೆಯುತ್ತಾಳೆ. ಅದು ಬಾಯುಪಚಾರ. ನಿಕ್‌ಗೆ ತಕ್ಷಣ ಗೊತ್ತಾಗುತ್ತದೆ, ಆಗಲ್ಲ ಅಂದುಬಿಡುತ್ತಾನೆ. ಗ್ಯಾಟ್ಸ್‌ಬಿಗೆ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಕುದುರೆ ಇಲ್ಲ, ಕಾರಿನಲ್ಲಿ ಹಿಂದೆಯೇ ಬರುತ್ತೇನೆ, ಒಂದು ನಿಮಿಷ, ಅಂತ ಒಳಗೆ ಹೋಗುತ್ತಾನೆ. ಇವನು ನಿಜವಾಗಲೂ ಹೊರಟನಲ್ಲ ಅಂತ ಟಾಮ್‌ಗೆ ಆಶ್ಚರ್ಯ. ಮೂವರೂ ಕುದುರೆ ಹತ್ತಿ ಹೋಗಿಬಿಡುತ್ತಾರೆ. ಅವರು ಮರಗಳ ಮರೆಗೆ ಸರಿಯುವುದಕ್ಕೂ, ಹ್ಯಾಟು ಕೋಟು ಕೈಯಲ್ಲಿ ಹಿಡಿದು ಗ್ಯಾಟ್ಸ್‌ಬಿ ಬಾಗಿಲಿಗೆ ಬರುವುದಕ್ಕೂ ಸರಿಹೋಗುತ್ತದೆ.

ಓಲ್ಡ್ ಮನಿ ಅಂದರೆ ಇದು. ಯಾವ ಕರೆ ನಿಜ, ಯಾವುದು ಸುಮ್ನೆ ಅಂತ ಯಾರೂ ಹೇಳಿಕೊಡದೆ ಗೊತ್ತಿರುವುದು. ಬಂಗಲೆ, ಇಂಗ್ಲೆಂಡಿನಿಂದ ಬರುವ ಶರ್ಟು, ಆಕ್ಸ್‌ಫರ್ಡಿನಲ್ಲಿ ಓದಿದ್ದೆ ಅನ್ನುವ ಮಾತು, ಎಲ್ಲವನ್ನೂ ಗ್ಯಾಟ್ಸ್‌ಬಿ ಜೋಡಿಸಿಕೊಂಡಿದ್ದಾನೆ. ಆಕ್ಸ್‌ಫರ್ಡ್ ಪೂರ್ತಿ ಸುಳ್ಳೂ ಅಲ್ಲ, ಯುದ್ಧ ಮುಗಿದ ಮೇಲೆ ಐದು ತಿಂಗಳು ಅಲ್ಲಿದ್ದ. ಟಾಮ್‌ಗೆ ಅವನನ್ನು ಅಳೆಯಲು ಒಂದೇ ವಿಷಯ ಸಾಕಾಗುತ್ತದೆ: ಇವನು ಗುಲಾಬಿ ಬಣ್ಣದ ಸೂಟ್ ಹಾಕುತ್ತಾನೆ. ಗ್ಯಾಟ್ಸ್‌ಬಿಯ ಲೈಬ್ರರಿಯಲ್ಲೂ ಹೀಗೇ. ಅಲ್ಲಿಗೆ ಬಂದ ಅತಿಥಿಯೊಬ್ಬ ಪುಸ್ತಕಗಳು ನಿಜವಾದವು ಅಂತ ಬೆರಗಾಗುತ್ತಾನೆ. ಆಗಿನ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಓದುವವರು ಚಾಕುವಿನಿಂದ ಬಿಡಿಸಿಕೊಳ್ಳಬೇಕಿತ್ತು. ಗ್ಯಾಟ್ಸ್‌ಬಿಯ ಪುಸ್ತಕಗಳ ಹಾಳೆಗಳನ್ನು ಯಾರೂ ಬಿಡಿಸಿಲ್ಲ.

ಈ ಸೂಕ್ಷ್ಮ ಫಿಟ್ಜೆರಾಲ್ಡ್ ಅವರಿಗೆ ಹೊರಗೆ ನಿಂತು ನೋಡಿ ಬಂದದ್ದಲ್ಲ. ಹರೆಯದಲ್ಲಿ ಅವರು ಪ್ರೀತಿಸಿದ್ದು ಶಿಕಾಗೋ ಹತ್ತಿರದ ಲೇಕ್ ಫಾರೆಸ್ಟ್‌ನ ಸಿರಿವಂತರ ಮನೆ ಹುಡುಗಿ ಜಿನೆವ್ರಾ ಕಿಂಗ್‌ರನ್ನು. ಬಡ ಹುಡುಗರು ಶ್ರೀಮಂತರ ಹುಡುಗಿಯರನ್ನು ಮದುವೆಯಾಗುವ ಯೋಚನೆ ಮಾಡಬಾರದು ಅನ್ನುವ ಮಾತು 1916ರ ಹೊತ್ತಿಗೆ ಅವರ ದಿನಚರಿಯಂಥ ಲೆಕ್ಕದ ಪುಸ್ತಕದಲ್ಲಿದೆ. ಕಾದಂಬರಿಯಲ್ಲಿ ಟಾಮ್ ಕುದುರೆ ತರಿಸುವುದೂ ಅದೇ ಲೇಕ್ ಫಾರೆಸ್ಟ್‌ನಿಂದ. ಅದನ್ನು ತಿಳಿದ ಮೇಲೆ ಆ ಒಂದು ಊರಿನ ಹೆಸರು ಬಂದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಪುಸ್ತಕ ಬಂದಾಗ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. 1940ರಲ್ಲಿ, 44ನೇ ವಯಸ್ಸಿಗೆ ಫಿಟ್ಜೆರಾಲ್ಡ್ ತೀರಿಕೊಂಡಾಗ ಹೆಚ್ಚಿನವರು ಅದನ್ನು ಮರೆತಿದ್ದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಜೇಬಿನಲ್ಲಿ ಹಿಡಿಸುವಂಥ ಪುಸ್ತಕಗಳನ್ನು ಪುಕ್ಕಟೆ ಹಂಚಿದರು. ಅದರಲ್ಲಿ ಗ್ಯಾಟ್ಸ್‌ಬಿಯ ಲಕ್ಷಕ್ಕೂ ಜಾಸ್ತಿ ಪ್ರತಿಗಳು ಹೋದವು. ಮುಂದೆ ಕಾಲೇಜುಗಳಿಗೂ ಬಂತು. ಗ್ಯಾಟ್ಸ್‌ಬಿಯೂ ಸೈನ್ಯದಲ್ಲಿದ್ದವನೇ. ಎಲ್ಲಿಂದಲೋ ಬಂದು ಸಮವಸ್ತ್ರ ಹಾಕಿಕೊಂಡು ಡೇಸಿಯ ಮನೆಯೊಳಗೆ ಕಾಲಿಟ್ಟವನು. ಯೂನಿಫಾರಂ ಒಳಗೆ ಯಾರ ದುಡ್ಡು ಹಳೇದು, ಯಾರದ್ದು ಹೊಸದು ಅಂತ ಕಾಣುವುದಿಲ್ಲ.

ಕೊನೆಗೆ ಡೇಸಿ ಓಡಿಸುತ್ತಿದ್ದ ಗ್ಯಾಟ್ಸ್‌ಬಿಯ ಕಾರಿಗೆ ಸಿಕ್ಕಿ ಒಬ್ಬಳು ಸಾಯುತ್ತಾಳೆ. ಅದರ ಸೇಡಿಗೆ ಗ್ಯಾಟ್ಸ್‌ಬಿ ಗುಂಡು ತಿನ್ನುತ್ತಾನೆ. ಟಾಮ್ ಮತ್ತು ಡೇಸಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತಾರೆ, ಒಂದು ಹೂವನ್ನೂ ಕಳಿಸದೆ. ಪಾರ್ಟಿಗೆ ಬಂದ ನೂರಾರು ಜನರಲ್ಲಿ ಮಣ್ಣಿಗೆ ಬಂದವನು ಒಬ್ಬನೇ, ಆವತ್ತು ಲೈಬ್ರರಿಯಲ್ಲಿ ಪುಸ್ತಕ ನೋಡಿ ಬೆರಗಾಗಿದ್ದವನು.

ಮಿನೆಸೊಟಾದಿಂದ ಗ್ಯಾಟ್ಸ್‌ಬಿಯ ಅಪ್ಪ ಬರುತ್ತಾನೆ. ವಯಸ್ಸಾದವನು, ಬಡವ. ನಡುಗುವ ಕೈಯಿಂದ ಪರ್ಸ್ ತೆಗೆದು ನಿಕ್‌ಗೆ ಒಂದು ಫೋಟೋ ತೋರಿಸುತ್ತಾನೆ. ಮಗ ಕಳಿಸಿದ್ದು. ಎಷ್ಟೋ ಜನಕ್ಕೆ ತೋರಿಸಿ ತೋರಿಸಿ ಮೂಲೆಗಳು ಬಿರಿದಿವೆ, ಕೈ ಕೊಳೆ ಹತ್ತಿದೆ. ಅದು ಈ ಬಂಗಲೆಯ ಫೋಟೋ. ಆ ಬಂಗಲೆಯೊಳಗೇ ನಿಂತು, ಅದರ ಒಂದೊಂದು ಭಾಗವನ್ನೂ ಬೆರಳಿಟ್ಟು ತೋರಿಸುತ್ತಾನೆ, ನೋಡಿ ಇಲ್ಲಿ, ಅಂತ.