ವೆಸ್ಟರ್ನ್ ಸಿನಿಮಾದ ಹೆಂಗಸರು ಬಂಡಿಯಲ್ಲಿ ಕೂತೇ ಹೋದರಾ?

ಪ್ರಶ್ನೆ: ಹಳೇ ಕೌಬಾಯ್ ಸಿನಿಮಾಗಳಲ್ಲಿ ಹೆಂಗಸರು ಬಿಳಿ ಬಟ್ಟೆ ಹೊದಿಸಿದ ಬಂಡಿಯಲ್ಲಿ ಕೂತು ಬರುತ್ತಾರೆ, ಗುಂಡಿನ ಸದ್ದು ಕೇಳಿದರೆ ಕಿರುಚುತ್ತಾರೆ. ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದ ಹೆಂಗಸರು ನಿಜಕ್ಕೂ ಹೀಗೇ ಇದ್ದರಾ?

ಉತ್ತರ: ಕೂತು ಹೋದವರು ಕಡಿಮೆ, ನಡೆದವರೇ ಜಾಸ್ತಿ. ಮಿಸೌರಿ ನದಿಯ ಕಡೆಯಿಂದ ಆರೆಗಾನ್‌ಗೆ ಸುಮಾರು 2,000 ಮೈಲಿ. ನಾಲ್ಕರಿಂದ ಆರು ತಿಂಗಳ ದಾರಿ. ಬಂಡಿಯೊಳಗೆ ಹಿಟ್ಟಿನ ಮೂಟೆ, ಉಪ್ಪು ಹಾಕಿದ ಮಾಂಸ, ಹಾಸಿಗೆ, ಪಾತ್ರೆ ಎಲ್ಲ ತುಂಬಿರುತ್ತಿತ್ತು. ಅದನ್ನು ಎಳೆಯುತ್ತಿದ್ದದ್ದು ಹೆಚ್ಚಾಗಿ ಎತ್ತುಗಳು. ತೆರೆಯ ಮೇಲೆ ಕುದುರೆ ಓಡಿದರೆ ಚೆಂದ, ಎತ್ತು ಓಡಲ್ಲವಲ್ಲ! ಆ ಎತ್ತುಗಳಿಗೆ ಭಾರ ಆಗದಿರಲಿ ಅಂತ ಗಟ್ಟಿಮುಟ್ಟಾದವರೆಲ್ಲ ಪಕ್ಕದಲ್ಲಿ ನಡೆದರು. ಕಾಯಿಲೆಯವರು, ಎಳೆಮಕ್ಕಳು, ದಿನ ತುಂಬಿದ ಬಸುರಿಯರು ಒಳಗೆ.

ನಡೆಯುತ್ತಲೇ ಕೆಲಸ. ಬಯಲಿನಲ್ಲಿ ಸೌದೆ ಸಿಗುತ್ತಿರಲಿಲ್ಲ. ಒಣಗಿ ಬಿದ್ದ ಕಾಡೆಮ್ಮೆ ಸಗಣಿಯನ್ನು ಹೆಂಗಸರು, ಮಕ್ಕಳು ಏಪ್ರನ್ನಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಒಲೆಗೆ ಕುಳ್ಳು ಹಾಕಿದವರಿಗೆ ಇದು ಹೊಸದೇನಲ್ಲ. ಆದರೆ ಅವರಲ್ಲಿ ಹಲವರಿಗೆ ಮೊದಮೊದಲು ಅದನ್ನು ಮುಟ್ಟುವುದೇ ಹೇಸಿಗೆ. ಇನ್ನೊಂದು ಮಜಾ ಕೇಳಿ: ಬೆಳಿಗ್ಗೆ ಉಳಿದ ಹಾಲನ್ನು ಡಬ್ಬಿಗೆ ಹಾಕಿ ಬಂಡಿಗೆ ನೇತುಹಾಕಿದರೆ, ಕುಲುಕಾಟಕ್ಕೇ ಸಂಜೆ ಹೊತ್ತಿಗೆ ಬೆಣ್ಣೆ! ಕಡೆಯುವ ಕೆಲಸ ಒಂದು ಮಾತ್ರ ತಪ್ಪಿತು.

ಸಿನಿಮಾದವರು ಇದನ್ನೆಲ್ಲ ಬಿಟ್ಟು ಬಂದೂಕು ಹಿಡಿದುಕೊಂಡರು. ದಾರಿಯಲ್ಲಿ ಜನ ಸತ್ತದ್ದು ಹೆಚ್ಚಾಗಿ ಕಾಲರಾದಿಂದ, ಹೊಳೆ ದಾಟುವಾಗ, ಚಕ್ರದಡಿ ಸಿಕ್ಕಿ. ತೆರೆಯ ಮೇಲೆ ಮಾತ್ರ ಸದಾ ಮೂಲನಿವಾಸಿಗಳ ದಾಳಿ. ಆ ನೆಲ ಯಾರದಾಗಿತ್ತೋ ಆ ಮನೆಗಳ ಹೆಂಗಸರಿಗೆ ಈ ಚಿತ್ರಗಳಲ್ಲಿ ಮಾತೇ ಇಲ್ಲದಿರುವುದು ನನಗೆ ಇನ್ನೂ ದೊಡ್ಡ ಕೊರತೆ.

ಹಾಗಂತ ಎಲ್ಲವನ್ನೂ ತಳ್ಳಿಹಾಕಬೇಡಿ. 1951ರ ‘ವೆಸ್ಟ್‌ವರ್ಡ್ ದ ವಿಮೆನ್’ ನೋಡಿ. ಕಥೆ ಫ್ರಾಂಕ್ ಕಾಪ್ರಾ ಅವರದು, ನಿರ್ದೇಶನ ವಿಲಿಯಂ ವೆಲ್‌ಮನ್ ಅವರದು. ಕ್ಯಾಲಿಫೋರ್ನಿಯಾದ ಒಂದು ಕಣಿವೆಯಲ್ಲಿ ಬರೀ ಗಂಡಸರು. ಅವರನ್ನು ಮದುವೆಯಾಗಲು ಶಿಕಾಗೋದಿಂದ 140ರಷ್ಟು ಹೆಂಗಸರು ಹೊರಡುತ್ತಾರೆ. ಬೋರ್ಡಿಗೆ ಚುಚ್ಚಿದ ಗಂಡಸರ ಫೋಟೋ ನೋಡಿ ಆರಿಸಿಕೊಳ್ಳುವವರು ಹೆಣ್ಣುಗಳೇ!

ಹಾದಿಯುದ್ದಕ್ಕೂ ಹಿನ್ನೆಲೆ ಸಂಗೀತ ಹೆಚ್ಚುಕಮ್ಮಿ ಇಲ್ಲ. ಚಕ್ರ, ಗಾಳಿ, ಹೇಸರಗತ್ತೆ, ಇಷ್ಟೇ ಸದ್ದು. ಒಂದು ಕಡೆ ಬಂಡಿಯೊಳಗೆ ಹೆರಿಗೆ ನಡೆದಿರುವಾಗಲೇ ಚಕ್ರ ಮುರಿಯುತ್ತದೆ. ಸುತ್ತಲಿನ ಹೆಂಗಸರು ಹೆಗಲು ಕೊಟ್ಟು ಬಂಡಿಯನ್ನು ಎತ್ತಿ ಹಿಡಿಯುತ್ತಾರೆ, ಮಗು ಅಳುವವರೆಗೂ. ಇನ್ನೊಂದು ಕಡೆ ದಾಳಿ ಮುಗಿದಿದೆ. ಉಳಿದವರು ಸತ್ತವರ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ. ಬಂಡೆಗಳಿಗೆ ಬಡಿದು ಆ ಹೆಸರು ವಾಪಸ್ ಬರುತ್ತದೆ. ಅಳುವಿಲ್ಲ, ಭಾಷಣವಿಲ್ಲ. ಈ ಚಿತ್ರದಲ್ಲೂ ಬಂಡಿಗಳ ಮುಖ್ಯಸ್ಥ ಗಂಡಸೇ, ಆ ಪಾತ್ರ ನಟ ರಾಬರ್ಟ್ ಟೇಲರ್‌ದು. ಅವನ ಒರಟುತನ ಕೆಲವು ಕಡೆ ಇವತ್ತು ನೋಡಲಿಕ್ಕಾಗುವುದಿಲ್ಲ.

ಇಂಥ ಹೆಂಗಸರದೇ ಗುಂಪು ನಿಜಕ್ಕೂ ಹೋಗಿತ್ತಾ ಅಂದರೆ, ಹತ್ತಿರದ ಉದಾಹರಣೆ ಹಡಗಿನದು. 1864ರಲ್ಲಿ ಏಸಾ ಮರ್ಸರ್ ಎಂಬವರು ಮ್ಯಾಸಚೂಸೆಟ್ಸ್ ಕಡೆಯ ಹೆಂಗಸರ ಸಣ್ಣ ಗುಂಪೊಂದನ್ನು ಪನಾಮಾ ಮಾರ್ಗವಾಗಿ ಸಿಯಾಟಲ್‌ಗೆ ಕರೆತಂದರು. ಒಂಟಿಯಾಗಿ ಜಮೀನು ಹಿಡಿದವರಂತೂ ತುಂಬ ಜನ. ಸರ್ಕಾರಿ ಜಮೀನು ಹಂಚುವ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 21 ದಾಟಿದ ಮದುವೆಯಾಗದ ಹೆಣ್ಣೂ, ವಿಧವೆಯೂ 160 ಎಕರೆ ಕೇಳಬಹುದಿತ್ತು. ಗಂಡನ ಜೊತೆಗಿದ್ದ ಹೆಂಡತಿಗೆ ಸಾಮಾನ್ಯವಾಗಿ ಆ ಅವಕಾಶ ಇರಲಿಲ್ಲ. ತಾಳಿಯ ಬೆಲೆ ಜಾಸ್ತಿಯೇ ಆಯಿತು ಅಲ್ವಾ? ಗುಲಾಮಗಿರಿಯಲ್ಲಿ ಹುಟ್ಟಿದ ಮೇರಿ ಫೀಲ್ಡ್ಸ್ 1895ರಿಂದ ಮೊಂಟಾನಾದಲ್ಲಿ ಗಾಡಿ ಹೊಡೆದು ಟಪಾಲು ಮುಟ್ಟಿಸುತ್ತಿದ್ದರು. ಹಳೇ ಹಾಲಿವುಡ್‌ಗೆ ಅವರ ಕಥೆ ಬೇಕಾಗಲಿಲ್ಲ.

ಆ 1951ರ ಚಿತ್ರದ ಕೊನೆ ಹೇಳಿಬಿಡುತ್ತೇನೆ, ನೋಡುವ ಆಸೆ ಇದ್ದವರು ಇಲ್ಲಿಗೇ ನಿಲ್ಲಿಸಿ. ಊರು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಹೆಂಗಸರು ಬಂಡಿ ನಿಲ್ಲಿಸಿಬಿಡುತ್ತಾರೆ. ಹರಿದ ಬಟ್ಟೆಯಲ್ಲಿ ಒಳಗೆ ಕಾಲಿಡಲ್ಲ ಅಂತ ಹಟ. ಮುಖ್ಯಸ್ಥನೇ ಊರಿಗೆ ಹೋಗಿ, ಕಾಯುತ್ತಿದ್ದ ಮದುಮಗಂದಿರಿಂದ ಸಿಕ್ಕಸಿಕ್ಕ ಬಟ್ಟೆಯೆಲ್ಲ ಹೊರಿಸಿಕೊಂಡು ಬರಬೇಕಾಗುತ್ತದೆ.