ಒಳ್ಳೆ ನೀರಿನೊಳಗಿನ ಫ್ಲೋರೈಡ್: ಹಲ್ಲಿನ ಕಲೆಯಿಂದ ಆರ್‌ಒ ಘಟಕದವರೆಗೆ

ಬೇಳೆ ಬೇಗ ಬೇಯಬೇಕು, ಸೋಪು ಹಚ್ಚಿದರೆ ನೊರೆ ಬರಬೇಕು, ಬಾಯಿಗೆ ಹಾಕಿದರೆ ಸೌಳು ಅನಿಸಬಾರದು. ಹಳ್ಳಿಯಲ್ಲಿ ಒಂದು ಬೋರ್‌ವೆಲ್‌ಗೆ ‘ಒಳ್ಳೆ ನೀರು’ ಎಂಬ ಹೆಸರು ಬರಲು ಇಷ್ಟು ಸಾಕು. ಪಾವಗಡ, ಬಾಗೇಪಲ್ಲಿ, ಮುಂಡರಗಿ, ಮೊಳಕಾಲ್ಮೂರು ಸೀಮೆಯಲ್ಲಿ ಈ ಮನೆಪರೀಕ್ಷೆ ಕೈಕೊಡುತ್ತದೆ. ಮಿತಿ ಮೀರಿದರೆ ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಸಾಲದ್ದಕ್ಕೆ ಅದು ಹೆಚ್ಚಾಗಿ ಸೇರಿಕೊಳ್ಳುವುದು ಇಂಥ ಮೆದು ನೀರಿಗೇ.

ಇದಕ್ಕೆ ಯಾವ ಕಾರ್ಖಾನೆಯೂ ಕಾರಣವಲ್ಲ. ನಮ್ಮ ಕಾಲಕೆಳಗಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿಂದ ಫ್ಲೋರೈಡ್ ಸ್ವಲ್ಪಸ್ವಲ್ಪವೇ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ ಕಳೆದುಕೊಂಡು ಸೋಡಿಯಂ ಬೈಕಾರ್ಬನೇಟ್ ತುಂಬಿಕೊಳ್ಳುತ್ತದೆ. ಅಡುಗೆಸೋಡಾ ಎಂದರೂ ಇದೇ, ಬೇಳೆ ಬೇಗ ಬೇಯುವ ಗುಟ್ಟೂ ಇದೇ. ಲೆಕ್ಕ ಹೀಗಿದೆ: ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು ಸುಮಾರು 3.6 ಮಿಲಿಗ್ರಾಂವರೆಗೆ ಫ್ಲೋರೈಡನ್ನು ಕರಗಿಸಿಟ್ಟುಕೊಳ್ಳಬಲ್ಲದು. ಕ್ಯಾಲ್ಸಿಯಂ 10ಕ್ಕೆ ಇಳಿದರೆ ಆ ಮಿತಿ 7ರ ಆಸುಪಾಸಿಗೆ ಏರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವುದು 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5.

ಈ ಸಂಗತಿ ಮೊದಲು ಕಣ್ಣಿಗೆ ಬಿದ್ದದ್ದು ಹಲ್ಲಿನಲ್ಲಿ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ನೋಡಿ ನೀರಿನ ಮೇಲೆ ಅನುಮಾನಪಟ್ಟರು. ನೀರಿನಲ್ಲಿ ಏನಿದೆ ಎಂದು ಗೊತ್ತಾಗಲು 30 ವರ್ಷ ಹಿಡಿಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಎಚ್. ವಿ. ಚರ್ಚಿಲ್, ಅರ್ಕಾನ್ಸಾದ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಫ್ಲೋರೈಡನ್ನು ಪತ್ತೆಹಚ್ಚಿದರು. ಆರು ವರ್ಷದ ಬಳಿಕ, 1937ರಲ್ಲಿ, ಮದ್ರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದ್ದು ಬರೀ ಹಲ್ಲಿನ ವಿಷಯವಲ್ಲ. ಅಲ್ಲಿ ಬೆನ್ನುಮೂಳೆಯೇ ಬಿಗಿದು ಹೋದ, ಕತ್ತು ತಿರುಗಿಸಲಾಗದ ಜನ ಇದ್ದರು.

ಹಲ್ಲಿನ ಕಲೆ ಮೂಡುವುದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕಟ್ಟುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ ಕುಡಿದ ನೀರಿನಿಂದ. ಅದು ಅಡ್ಡಗೆರೆಯಾಗಿ, ಎಡಬಲದ ಜೋಡಿ ಹಲ್ಲುಗಳಲ್ಲಿ ಸಮನಾಗಿ ಬರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವಸಡಿನ ಅಂಚಿನಲ್ಲಷ್ಟೇ ಹಳದಿ ಇದ್ದರೆ ಅದು ಪಾಚಿ. ಮೂಳೆಯ ತೊಂದರೆಗೆ ಆರೋಗ್ಯ ಕಾರ್ಯಕರ್ತರು ಮಾಡಿಸಿ ನೋಡುವುದು ಮೂರು ಸರಳ ಕೆಲಸ: ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈ ಮಡಿಸಿ ತಲೆಯ ಹಿಂಬದಿ ಮುಟ್ಟುವುದು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಈಗಿನ ತೆಲಂಗಾಣದ ನಲ್ಗೊಂಡದಲ್ಲಿ ಇನ್ನೊಂದು ರೂಪ ಕಂಡರು. ಅಲ್ಲಿ ಬೆಳೆಯುವ ಹುಡುಗರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು.

ನೆಲ್ಲೂರಿನ ವರದಿ ಬಂದದ್ದು ತೆರೆದ ಬಾವಿಗಳ ಕಾಲದಲ್ಲಿ. ಆದ್ದರಿಂದ ಎಲ್ಲ ತಪ್ಪನ್ನೂ ಬೋರ್‌ವೆಲ್‌ ಮೇಲೆ ಹೊರಿಸಲಾಗದು. ಆದರೆ ಅಲ್ಲೊಂದು ಇಲ್ಲೊಂದು ಇದ್ದ ತೊಂದರೆಯನ್ನು ತಾಲ್ಲೂಕುಗಟ್ಟಲೆ ಹರಡಿದ್ದು ಬೋರ್‌ವೆಲ್ಲೇ. 1960ರ ದಶಕದ ಬರಗಳ ನಂತರ ಗಟ್ಟಿ ಬಂಡೆ ಕೊರೆಯುವ ರಿಗ್‌ಗಳು ಬಂದವು, 70ರ ದಶಕದ ಕೊನೆಯಲ್ಲಿ ಇಂಡಿಯಾ ಮಾರ್ಕ್-2 ಕೈಪಂಪು ಬಂತು. ಉದ್ದೇಶ ಒಳ್ಳೆಯದೇ ಇತ್ತು. ಮೆಟ್ಟಿಲುಬಾವಿಯ ನೀರಿನಿಂದ ನಾರುಹುಣ್ಣು, ಕಾಲರಾ ಹರಡುತ್ತಿದ್ದವು, ಮುಚ್ಚಿದ ಕೊಳವೆಬಾವಿ ಅದನ್ನು ತಪ್ಪಿಸಿತು. ನೀರು ‘ಶುದ್ಧ’ ಎನ್ನಲು ಆಗ ನೋಡುತ್ತಿದ್ದದ್ದು ರೋಗಾಣುವನ್ನು, ಬಂಡೆಯ ಉಪ್ಪನ್ನಲ್ಲ. ಅಷ್ಟರಲ್ಲಿ ಪಂಪ್‌ಸೆಟ್ಟುಗಳು ಹೆಚ್ಚಿದವು, ಕೆರೆಗಳು ಹೂಳು ತುಂಬಿ ಇಂಗಿಸುವುದನ್ನು ಬಿಟ್ಟವು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ಗಳು ಸಾವಿರ ಅಡಿ ದಾಟಿದವು. ಬಂಡೆಯೊಡನೆ ಹೆಚ್ಚು ಕಾಲ ಕಳೆದ ನೀರು ಮೇಲೆ ಬಂತು.

ತೆಗೆಯುವ ಮಾತಿಗಿಂತ ಮೊದಲು ಅಳೆಯುವ ಮಾತು, ಏಕೆಂದರೆ ಹೆಚ್ಚಿನ ಎಡವಟ್ಟು ಇಲ್ಲೇ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ (ಕರಗಿದ ಒಟ್ಟು ಲವಣ) ಮೀಟರ್ ಫ್ಲೋರೈಡನ್ನು ಅಳೆಯುವುದಿಲ್ಲ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. 400 ಟಿಡಿಎಸ್ ತೋರಿಸುವ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು, 1500 ತೋರಿಸುವುದರಲ್ಲಿ ಅರ್ಧ ಮಿಲಿಗ್ರಾಂ ಇರಬಹುದು. ಪಂಚಾಯಿತಿಗೆ ಕೊಡುವ ಕಿಟ್‌ಗಳಲ್ಲಿ ಜಿರ್ಕೋನಿಯಂ ಸೇರಿಸಿದ ಬಣ್ಣದ ದ್ರವ ಇರುತ್ತದೆ. ಫ್ಲೋರೈಡ್ ಜಿರ್ಕೋನಿಯಂ ಅನ್ನು ಕಿತ್ತುಕೊಂಡಷ್ಟೂ ಬಣ್ಣ ಮಾಸುತ್ತದೆ, ಆ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಬೇಕು. 1ಕ್ಕೂ 1.5ಕ್ಕೂ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಸಿಗುವುದು ಕಷ್ಟ. ಬ್ಲೀಚಿಂಗ್ ಪುಡಿ ಈಗತಾನೆ ಹಾಕಿದ ಟ್ಯಾಂಕಿನ ನೀರಾದರೆ ಉಳಿದ ಕ್ಲೋರಿನ್ನೇ ಬಣ್ಣವನ್ನು ಕೆಡಿಸಿ, ಇಲ್ಲದ ಫ್ಲೋರೈಡನ್ನು ಇದೆ ಎಂದು ತೋರಿಸಿಬಿಡುತ್ತದೆ.

ಪ್ರಯೋಗಾಲಯದಲ್ಲಿ ನಂಬಬಹುದಾದದ್ದು ಲ್ಯಾಂಥನಮ್ ಫ್ಲೋರೈಡ್ ಹರಳಿನ ಇಲೆಕ್ಟ್ರೋಡ್. 1966ರಲ್ಲಿ ಬಂದ ಸಾಧನ ಇದು. ಮಾದರಿಗೆ ಅಷ್ಟೇ ಪ್ರಮಾಣದ ಬಫರ್ ದ್ರಾವಣ ಸೇರಿಸಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 5ರಿಂದ 5.5ಕ್ಕೆ ತರಬೇಕು. 1 ಮತ್ತು 10 ಮಿಲಿಗ್ರಾಂನ ಎರಡು ಗೊತ್ತಿರುವ ದ್ರಾವಣಗಳ ನಡುವೆ ಯಂತ್ರ ಹತ್ತಿರಹತ್ತಿರ 59 ಮಿಲಿವೋಲ್ಟ್ ಅಂತರ ತೋರಿಸಬೇಕು. ಅಂತರ 54ಕ್ಕಿಂತ ಕೆಳಗಿಳಿದರೆ ಹರಳು ಕೊಳೆಯಾಗಿದೆ ಅಥವಾ ದ್ರಾವಣ ಹಳತಾಗಿದೆ ಎಂದರ್ಥ, ಆ ದಿನದ ಅಂಕಿ ಬರೆಯಬಾರದು. ಬಫರ್ ಬಿಟ್ಟರೆ ಇನ್ನೂ ದೊಡ್ಡ ತಪ್ಪಾಗುತ್ತದೆ. ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ಅಪ್ಪಿಕೊಂಡು ಇಲೆಕ್ಟ್ರೋಡಿನಿಂದ ಬಚ್ಚಿಡುತ್ತದೆ, ಓದು ಕಡಿಮೆ ಬರುತ್ತದೆ. ಆಲಂ (ಅಲ್ಯೂಮಿನಿಯಂ ಇರುವ ಪಟಿಕ) ಹಾಕಿ ಶುದ್ಧೀಕರಿಸಿದ ನೀರಿನಲ್ಲಿ ಇದು ನೇರವಾಗಿ ಎದುರಾಗುವ ಸಮಸ್ಯೆ: ಕಾಗದದ ಮೇಲೆ ನೀರು ಪಾಸು, ಹೊಟ್ಟೆಗೆ ಹೋದ ಮೇಲೆ ಬೇರೆ ಕಥೆ. ಮಾದರಿ ತರಲು ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಸರಿ.

ಆಲಂ ವಿಧಾನ ನಮ್ಮದೇ ದೇಶದ್ದು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 1970ರ ದಶಕದಲ್ಲಿ ರೂಪಿಸಿದ ಇದಕ್ಕೆ ನಲ್ಗೊಂಡ ವಿಧಾನ ಎಂದೇ ಹೆಸರು. ಮನೆಮಟ್ಟದಲ್ಲಿ ಬೇಕಾದದ್ದು 40 ಲೀಟರಿನ ಒಂದು ಡ್ರಮ್ಮು, ತಳದಿಂದ 3–5 ಸೆಂಟಿಮೀಟರ್ ಮೇಲೆ ಒಂದು ನಲ್ಲಿ. ಮೊದಲು ಸುಣ್ಣ ಮತ್ತು ಬ್ಲೀಚಿಂಗ್ ಪುಡಿ, ಆಮೇಲೆ ಆಲಂ ದ್ರಾವಣ. ಒಂದು ನಿಮಿಷ ಜೋರಾಗಿ ಕಲಕಬೇಕು, ಮುಂದಿನ 10 ನಿಮಿಷ ನಿಧಾನವಾಗಿ. ಹಿಂಜಿದ ಹತ್ತಿಯಂಥ ಬಿಳಿ ಚೂರುಗಳು ಕಟ್ಟಿಕೊಂಡು ಫ್ಲೋರೈಡನ್ನು ಹೊತ್ತು ತಳಕ್ಕಿಳಿಯುತ್ತವೆ. ಒಂದು ತಾಸು ಅಲುಗಾಡಿಸದೆ ಬಿಟ್ಟು ನಲ್ಲಿಯಿಂದ ತಿಳಿನೀರು ಹಿಡಿಯಬೇಕು. ಆಲಂ ಎಷ್ಟು ಎಂಬುದು ಫ್ಲೋರೈಡಿನ ಜೊತೆಗೆ ನೀರಿನ ಕ್ಷಾರೀಯತೆಯನ್ನೂ ಅವಲಂಬಿಸುತ್ತದೆ. ಲೀಟರಿಗೆ 500 ಮಿಲಿಗ್ರಾಂ ಬೇಕಾಗುವ ನೀರಾದರೆ ಒಂದು ಡ್ರಮ್ಮಿಗೆ 20 ಗ್ರಾಂ ಆಲಂ, ಅದರ ಇಪ್ಪತ್ತನೇ ಒಂದು ಪಾಲು, ಅಂದರೆ 1 ಗ್ರಾಂ ಸುಣ್ಣ.

ಕಾಗದದಲ್ಲಿ ಸುಲಭ. ಆದರೆ ಇಬ್ಬರು ಕೂಲಿಗೆ ಹೋಗುವ ಮನೆಯಲ್ಲಿ ದಿನಾ ಬೆಳಿಗ್ಗೆ ಈ 11 ನಿಮಿಷದ ಕಲಕುವಿಕೆ ಯಾರು ಮಾಡಬೇಕು? ಜೋರಾಗಿಯೇ ಕಲಕುತ್ತಾ ಹೋದರೆ ಕಟ್ಟಿದ ಚೂರು ಒಡೆದು ನೀರಲ್ಲೇ ತೇಲುತ್ತದೆ. ಸುಣ್ಣ ಹೆಚ್ಚುಕಡಿಮೆಯಾಗಿ ಪಿಎಚ್ ತಪ್ಪಿದರೆ ಅಲ್ಯೂಮಿನಿಯಂ ಕರಗಿಯೇ ಉಳಿಯುತ್ತದೆ. ಇನ್ನು ತಳದ ಬಗ್ಗಡದಲ್ಲಿ ತೆಗೆದ ಫ್ಲೋರೈಡೆಲ್ಲ ಇದೆ, ಅದು ಹೋಗುತ್ತಿದ್ದದ್ದು ಹಿತ್ತಲಿಗೆ ಅಥವಾ ಕೈಪಂಪಿನ ಪಕ್ಕದ ಚರಂಡಿಗೆ.

1980–90ರ ದಶಕಗಳಲ್ಲಿ ಒಲವು ಫ್ಲೋರೈಡನ್ನು ಮೈಗೆ ಹಿಡಿದುಕೊಳ್ಳುವ ಸಕ್ರಿಯ ಅಲ್ಯೂಮಿನಾದ ಕಡೆ ತಿರುಗಿತು. ಸಾಬೂದಾನಿಯಂಥ ಬಿಳಿ ಗುಳಿಗೆಗಳ ಮೂಲಕ ನೀರು ಹಾಯಿಸಿದರೆ ಆಯಿತು, ಕಲಕುವ ಕೆಲಸವಿಲ್ಲ. ನಮ್ಮ ಬೈಕಾರ್ಬನೇಟ್ ನೀರಿನಲ್ಲಿ ಒಂದು ಕಿಲೋ ಗುಳಿಗೆ ಹಿಡಿಯುವುದು ಒರಟಾಗಿ 2 ಗ್ರಾಂ ಫ್ಲೋರೈಡ್ ಎಂದಿಟ್ಟುಕೊಳ್ಳಿ. 3 ಕಿಲೋ ಇರುವ ಮನೆಫಿಲ್ಟರಿಗೆ 6 ಗ್ರಾಂ ಆಯಿತು. 4 ಮಿಲಿಗ್ರಾಂನ ನೀರನ್ನು ಅರ್ಧ ಮಿಲಿಗ್ರಾಂಗೆ ಇಳಿಸುತ್ತಾ ದಿನಕ್ಕೆ 20 ಲೀಟರ್ ತೆಗೆದರೆ 85 ದಿನಕ್ಕೆ ಗುಳಿಗೆ ತುಂಬಿತು. 86ನೇ ದಿನ ಏನಾಗುತ್ತದೆ? ಏನೂ ಕಾಣುವುದಿಲ್ಲ. ಅದೇ ತಿಳಿ, ಅದೇ ರುಚಿ, ಅದೇ ವೇಗ; ಫ್ಲೋರೈಡ್ ಮಾತ್ರ ದಿನೇದಿನೇ ಏರುತ್ತದೆ. ಗುಳಿಗೆಗಳನ್ನು 1% ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ತೊಳೆದು, ತೆಳು ಗಂಧಕಾಮ್ಲದಿಂದ ಸರಿಪಡಿಸಿ, ಪಿಎಚ್ 7ರ ಹತ್ತಿರ ಬರುವವರೆಗೆ ಮತ್ತೆ ತೊಳೆದರೆ ಮರುಬಳಸಬಹುದು. ಕಾಸ್ಟಿಕ್ಕನ್ನೂ ಆಮ್ಲವನ್ನೂ ಹಳ್ಳಿಯಲ್ಲಿ ಸುರಕ್ಷಿತವಾಗಿ ನಿಭಾಯಿಸುವವರು, ಆ ತೊಳೆನೀರನ್ನು ಸುರಿಯಲು ಜಾಗ, ಮೂರು ತಿಂಗಳಿಗೊಮ್ಮೆ ಮನೆಮನೆ ಸುತ್ತಾಟ — ಯೋಜನೆಯ ದುಡ್ಡು ನಿಂತೊಡನೆ ಮೊದಲು ನಿಲ್ಲುವುದು ಇವೇ.

ಕಳೆದ ದಶಕದಲ್ಲಿ ಕರ್ನಾಟಕ ಹಿಡಿದದ್ದು, ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ಹಾಯಿಸಿ ಲವಣ ಬೇರ್ಪಡಿಸುವ ಆರ್‌ಒ ದಾರಿ. ನಾಣ್ಯ ಹಾಕಿ 20 ಲೀಟರ್ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ ಈಗ ಊರೂರಲ್ಲಿದೆ. ಮರಳು ಫಿಲ್ಟರ್, ಇಂಗಾಲದ ಫಿಲ್ಟರ್, 5 ಮೈಕ್ರಾನ್ ಕಾರ್ಟ್ರಿಜ್, ಒತ್ತಡದ ಪಂಪು, ಪೊರೆ, ಕೊನೆಗೆ ಯುವಿ ದೀಪ. ಪೊರೆ ಸರಿಯಿದ್ದರೆ ಫ್ಲೋರೈಡ್ 90%ಗಿಂತ ಹೆಚ್ಚು ಹೋಗುತ್ತದೆ. ಪೊರೆ ಕೆಡುವುದು ಬಹುತೇಕ ಎರಡೇ ಕಾರಣಕ್ಕೆ: ಕಾರ್ಟ್ರಿಜ್ ಬದಲಿಸದೆ ಎಳೆಯುವುದು, ಪೊರೆಯ ಮೇಲೆ ಲವಣದ ಪದರ ಕಟ್ಟದಂತೆ ತಡೆಯುವ ದ್ರಾವಣದ ಪುಟ್ಟ ಡೋಸಿಂಗ್ ಪಂಪು ನಿಂತದ್ದನ್ನು ಗಮನಿಸದಿರುವುದು. ಕಾರ್ಟ್ರಿಜ್‌ನ ಹಿಂದು-ಮುಂದಿನ ಎರಡು ಒತ್ತಡ ಮಾಪಕಗಳ ಅಂತರ ಚದರ ಸೆಂಟಿಮೀಟರಿಗೆ 1 ಕಿಲೋ ಮುಟ್ಟುವ ಮೊದಲೇ ಅದನ್ನು ಬದಲಿಸಬೇಕು. ಅನೇಕ ಘಟಕಗಳಲ್ಲಿ ಆ ಮಾಪಕಗಳ ಮುಳ್ಳೇ ಅಲುಗುವುದಿಲ್ಲ.

ರುಚಿ ಸಪ್ಪೆ ಎಂದು ಕೆಲವೆಡೆ ಕಚ್ಚಾ ನೀರನ್ನು ಸ್ವಲ್ಪ ಬೆರೆಸುತ್ತಾರೆ. 4 ಮಿಲಿಗ್ರಾಂನ ನೀರು ಒಂದು ಪಾಲು, 0.2ರ ಆರ್‌ಒ ನೀರು ಮೂರು ಪಾಲು ಸೇರಿದರೆ 1.15 ಆಯಿತು, ಗೆರೆ ದಾಟಿತು. ಅದಕ್ಕಿಂತ ಸಾಮಾನ್ಯವಾದದ್ದು ಅಡುಗೆಮನೆಯ ಸೋರಿಕೆ. ಕುಡಿಯಲು ಕ್ಯಾನು, ಅನ್ನ-ಸಾರು-ಮುದ್ದೆಗೆ ನಲ್ಲಿಯ ಬೋರ್ ನೀರು. ಕುದಿಸಿದರೆ ಫ್ಲೋರೈಡ್ ಆವಿಯಾಗದು, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಅಡುಗೆಗೂ ಕ್ಯಾನಿನ ನೀರು ಬಳಸಿದರಷ್ಟೇ ಲೆಕ್ಕ ಸರಿಹೋಗುತ್ತದೆ. ಐದು ಜನರ ಮನೆಗೆ ದಿನಕ್ಕೊಂದು ಕ್ಯಾನು ಸಾಲದು.

ಆರ್‌ಒ ಸಹ ಫ್ಲೋರೈಡನ್ನು ಇಲ್ಲವಾಗಿಸುವುದಿಲ್ಲ. 3 ಮಿಲಿಗ್ರಾಂನ ನೂರು ಲೀಟರಿನಲ್ಲಿ ಐವತ್ತು ಲೀಟರ್ ಶುದ್ಧವಾಗಿ ಬಂದರೆ, ಉಳಿದ ಐವತ್ತು ಲೀಟರ್ ವೇಸ್ಟ್ ನೀರು 5.7ಕ್ಕೇರಿ ಹೊರಬೀಳುತ್ತದೆ. ಅದು ಘಟಕದ ಹಿಂದಿನ ತಗ್ಗಿನಲ್ಲಿ ನಿಂತು, ದನ ಕುಡಿದು, ಉಳಿದದ್ದು ಇಂಗಿ, ಅದೇ ಬೋರಿನ ಕಡೆಗೆ ಹೋಗುತ್ತದೆ. ಈ ನೀರನ್ನು ಪಾತ್ರೆ ತೊಳೆಯಲು, ಶೌಚಾಲಯಕ್ಕೆ ಬಳಸಬಹುದು. ಜಾನುವಾರು ತೊಟ್ಟಿಗೆ ಬಿಡುವುದು ತಪ್ಪು, ಅವಕ್ಕೂ ಮೂಳೆಯಿದೆ.

ತೆಗೆಯುವ ಕೆಲಸವೇ ಬೇಡವಾದ ನೀರು ಎಂದರೆ ಮಳೆಯದು. 30 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ, ಐದರಲ್ಲಿ ಒಂದು ಪಾಲು ನಷ್ಟ ಎಂದರೂ 14,400 ಲೀಟರ್ ಸಿಗುತ್ತದೆ. ಐದು ಜನ ಕುಡಿಯಲು, ಬೇಯಿಸಲು ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ 9,125. ಎಂಟು ತಿಂಗಳ ಒಣ ಕಾಲ ದಾಟಲು 6,000 ಲೀಟರಿನ ತೊಟ್ಟಿ ಬೇಕು. ಮೊದಲ ಮಳೆಯ ನೀರನ್ನು ಹೊರಬಿಡಬೇಕು, ತೊಟ್ಟಿಗೆ ಬೆಳಕು ತಾಗದಂತೆ ಮುಚ್ಚಳ ಬೇಕು. ಹುಲ್ಲಿನ ಚಾವಣಿಯ ಮನೆಗೆ, ಜಾಗವಿಲ್ಲದ ಕೇರಿಗೆ ಇದು ಒಗ್ಗದು. ಅಲ್ಲಿಗೆ ಶಾಲೆಯ ಚಾವಣಿಯೇ ಗತಿ.

ಸರ್ಕಾರದ ಈಗಿನ ಒಲವು ನದಿ ನೀರಿನ ಕಡೆಗಿದೆ. 2019ರ ಜಲಜೀವನ್ ಮಿಷನ್, ತುಂಗಭದ್ರಾ ಹಿನ್ನೀರನ್ನು ಪಾವಗಡದ ಕಡೆಗೆ ತರುವ ಬಹುಗ್ರಾಮ ಯೋಜನೆ ಆ ದಾರಿಯವು. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರಿನಿಂದ ಕೆರೆ ತುಂಬಿಸುತ್ತಿದೆ. ಅಂಥ ಕೆರೆಗಳ ಕೆಳಗಿನ ಬೋರ್‌ಗಳಿಗೆ ಹಳೆಯ ವರದಿ ನಂಬುವಂತಿಲ್ಲ, ಫ್ಲೋರೈಡಿನ ಜೊತೆ ನೈಟ್ರೇಟನ್ನೂ ಮತ್ತೆ ನೋಡಬೇಕು.

ನದಿ ನೀರು ಬಂದ ಊರಿನಲ್ಲಿ ಹಳೆಯ ಬೋರ್ ಹಾಗೇ ಇರುತ್ತದೆ. ಪೈಪು ಒಡೆದ ದಿನ, ಕರೆಂಟು ಕೈಕೊಟ್ಟ ವಾರ, ಏಪ್ರಿಲ್ ತಿಂಗಳ ಕೊರತೆಯಲ್ಲಿ ನೀರಗಂಟಿ ಅದೇ ಓವರ್‌ಹೆಡ್ ಟ್ಯಾಂಕಿಗೆ ಬೋರ್ ನೀರು ಏರಿಸುತ್ತಾನೆ, ಏರಿಸಲೇಬೇಕು. ಸೋಮವಾರ ಹಿಡಿದ ಮಾದರಿಯಲ್ಲಿ 0.4 ಬಂದು ಗುರುವಾರ ಅದೇ ನಲ್ಲಿಯಲ್ಲಿ 2.8 ಬರುವುದು ಹೀಗೆ. ಆದ್ದರಿಂದ ಬಾಟಲಿಯ ಚೀಟಿಯಲ್ಲಿ ಊರು, ತಾರೀಖು, ನಲ್ಲಿಯ ಜೊತೆಗೆ ಇನ್ನೊಂದು ಸಾಲು ಇರಬೇಕು: ಅಂದು ಟ್ಯಾಂಕಿಗೆ ಏರಿಸಿದ್ದು ಯಾವ ನೀರು.